ಓಕ್ ಪಾರ್ಕಿನ ಚಕ್ಕುಬಂದಿ: ಮಗಳಿಗೊಂದು ಪತ್ರ

ಮೈಸೂರು

ಚಿ. ಸೌ. ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ಇತ್ತ ಎಲ್ಲರೂ ಕ್ಷೇಮ. ಈಗ ಬಾಡಿಗೆಗಿರುವ, ಅಮೆರಿಕದ ಶಿಕಾಗೊ ಪಕ್ಕದ ಓಕ್ ಪಾರ್ಕಿನಲ್ಲೇ ಮನೆ ಕೊಳ್ಳುವುದೋ, ಇಲ್ಲವೇ ನಮ್ಮವರು ಹೆಚ್ಚಾಗಿರುವ ನೇಪರ್‌ವಿಲ್ ಕಡೆಗೆ ಹೋಗುವುದೋ ಎಂದು ಕಳೆದ ಭಾನುವಾರ ಫೋನಿನಲ್ಲಿ ಕೇಳಿದೆಯಲ್ಲ, ಅದಕ್ಕೆ ಈ ಉತ್ತರ. ಬಡ್ಡಿಯ ಲೆಕ್ಕವನ್ನು ಅಳಿಯಂದಿರು ಹಾಕಿದ್ದಾರೆ. ಅದಕ್ಕೆ ನಾನು ಸೇರಿಸುವುದೇನಿಲ್ಲ. ಆದರೆ ಇಪ್ಪತ್ತೊಂಬತ್ತು ವರ್ಷ ಉಪನೋಂದಣಿ ಕಚೇರಿಯಲ್ಲಿ ಕುಳಿತು ಕ್ರಯಪತ್ರಗಳನ್ನು ಓದಿದವಳಿಗೆ, ಒಂದು ಸ್ವತ್ತಿನ ಮಾತು ಬಂದರೆ ಅದರ ಪೂರ್ವಾಪರವನ್ನು ಕೆದಕದೆ ಸಮಾಧಾನವಾಗದು. ಹೋದ ಬೇಸಿಗೆಯಲ್ಲಿ ನೀವಿಬ್ಬರೂ ಕೆಲಸಕ್ಕೆ ಹೊರಟ ಮೇಲೆ ನಾನು ಆ ಊರನ್ನು ಕಾಲ್ನಡಿಗೆಯಲ್ಲಿ ಸುತ್ತಿದ್ದು, ಮಳೆ ಬಂದ ದಿನ ಅಲ್ಲಿಯ ಗ್ರಂಥಾಲಯದಲ್ಲಿ ಕುಳಿತು ಓದಿದ್ದು ಎಲ್ಲವೂ ಆ ಹಳೆಯ ಚಾಳಿಯಿಂದಲೇ.

ಚಕ್ಕುಬಂದಿಯಿಂದ ತೊಡಗುತ್ತೇನೆ. ಪೂರ್ವಕ್ಕೆ ಆಸ್ಟಿನ್ ಬುಲೆವಾರ್ಡ್, ಅದರಾಚೆ ಶಿಕಾಗೊ ನಗರ. ಪಶ್ಚಿಮಕ್ಕೆ ಹಾರ್ಲೆಮ್ ಅವೆನ್ಯೂ. ಉತ್ತರಕ್ಕೆ ನಾರ್ತ್ ಅವೆನ್ಯೂ. ದಕ್ಷಿಣಕ್ಕೆ ರೂಸ್ವೆಲ್ಟ್ ರೋಡ್. ಇದರೊಳಗೆ ಸುಮಾರು 12 ಚದರ ಕಿಲೋಮೀಟರ್ ನೆಲ, 2020ರ ಜನಗಣತಿಯಂತೆ 54 ಸಾವಿರ ಚಿಲ್ಲರೆ ಜನ. ಇಷ್ಟಿದ್ದೂ ಕಾನೂನಿನ ಕಣ್ಣಿಗೆ ಅದು ಇಂದಿಗೂ 'ವಿಲೇಜ್'. ನಮ್ಮ ಪಂಚಾಯಿತಿಯಂತೆ ಅದಕ್ಕೂ ಅಧ್ಯಕ್ಷರುಂಟು, ಸದಸ್ಯರುಂಟು. ಸಿಸೆರೊ ಟೌನ್‌ಶಿಪ್ಪಿನಿಂದ ಬೇರೆಯಾಗಿ 1902ರಲ್ಲಿ ಅದು ಸ್ವಂತ ಗ್ರಾಮವಾಯಿತು. ಅದಕ್ಕೂ ಬಹಳ ಹಿಂದೆ, 1830ರ ದಶಕದಲ್ಲಿ, ಇಂಗ್ಲೆಂಡಿನ ಯಾರ್ಕ್‌ಷೈರಿನಿಂದ ಬಂದ ಜೋಸೆಫ್ ಕೆಟಲ್‌ಸ್ಟ್ರಿಂಗ್ಸ್ ಎಂಬಾತ ಅಲ್ಲಿ ನೆಲೆನಿಂತ. 1848ರಲ್ಲಿ ರೈಲು ಬಂತು. 1871ರ ಮಹಾ ಬೆಂಕಿಯಲ್ಲಿ ಶಿಕಾಗೊ ಸುಟ್ಟ ಮೇಲೆ ಜನರೂ ಬಂದರು. ಕೆಟಲ್‌ಸ್ಟ್ರಿಂಗ್ಸ್ ತನ್ನ ಜಮೀನನ್ನು ತುಂಡು ತುಂಡಾಗಿ ಮಾರುವಾಗ, ಹೆಂಡದಂಗಡಿ ಬೇಡವೆನ್ನುವ, ಶಾಲೆ ಮತ್ತು ಚರ್ಚು ಬೇಕೆನ್ನುವ ಸಜ್ಜನರಿಗಷ್ಟೇ ಕೊಟ್ಟನೆಂದು ಊರಿನವರು ಹೇಳಿಕೊಳ್ಳುತ್ತಾರೆ. ಆ ಊರಿನಲ್ಲಿ 1973ರವರೆಗೂ ಮದ್ಯ ಮಾರುವಂತಿರಲಿಲ್ಲ ಎಂಬುದನ್ನು ನೋಡಿದರೆ ಮಾತು ಪೂರ್ತಿ ಸುಳ್ಳಿರಲಾರದು. ಇದನ್ನು ಓದಿದಾಗ ನನಗೆ ನಗು ಬಂತು. ಯಾರಿಗೆ ಮಾರಬೇಕು, ಯಾರಿಗೆ ಮಾರಬಾರದು ಎಂಬ ಲೆಕ್ಕಾಚಾರವಿಲ್ಲದ ಸ್ವತ್ತನ್ನು ನಾನಂತೂ ಕಚೇರಿಯಲ್ಲಿ ಕಂಡದ್ದು ಕಡಿಮೆ.

ಪ್ರವಾಸಿಗರಿಗೆ ಆ ಊರೆಂದರೆ ವಾಸ್ತುಶಿಲ್ಪಿ ಫ್ರ್ಯಾಂಕ್ ಲಾಯ್ಡ್ ರೈಟ್. ಆತ 1889ರಲ್ಲಿ ಅಲ್ಲಿ ಮನೆ ಕಟ್ಟಿಕೊಂಡು ಇಪ್ಪತ್ತು ವರ್ಷ ಇದ್ದು, ಅಕ್ಕಪಕ್ಕದವರಿಗೂ ಮನೆಗಳನ್ನು ಕಟ್ಟಿಕೊಟ್ಟು, 1909ರಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು, ತಾನು ಮನೆ ಕಟ್ಟಿಕೊಟ್ಟಿದ್ದ ಗೃಹಸ್ಥನೊಬ್ಬನ ಪತ್ನಿಯೊಡನೆ ಯೂರೋಪಿಗೆ ಹೊರಟುಹೋದ ಮಹಾಶಯ. ಇಷ್ಟಾದರೂ ಲೇಕ್ ಸ್ಟ್ರೀಟಿನ ಯೂನಿಟಿ ಟೆಂಪಲ್ಲಿನಲ್ಲಿ ಕುಳಿತ ಆ ಮಧ್ಯಾಹ್ನವನ್ನು ನಾನು ಮರೆಯಲಾರೆ. ಹಳೆಯ ಚರ್ಚು 1905ರಲ್ಲಿ ಸಿಡಿಲು ಬಡಿದು ಸುಟ್ಟಾಗ, ಕೈಯಲ್ಲಿದ್ದ ಅಲ್ಪ ಹಣದಲ್ಲಿ ಕಾಂಕ್ರೀಟಿನಿಂದಲೇ ಕಟ್ಟಿದ ಕಟ್ಟಡವದು. ಬೀದಿಯ ಗದ್ದಲ ಒಳಗೆ ಬಾರದಂತೆ ಕೆಳಮಟ್ಟದಲ್ಲಿ ಕಿಟಕಿಯನ್ನೇ ಇಡದೆ, ಬೆಳಕನ್ನೆಲ್ಲ ಮೇಲಿನಿಂದ ಇಳಿಸಿದ್ದಾನೆ. ನಮ್ಮ ತೊಟ್ಟಿಮನೆಯ ನಡುವೆ ಕುಳಿತಂತೆ ಆಯಿತು. 2019ರಲ್ಲಿ ಅದು ಯುನೆಸ್ಕೊ ಪಟ್ಟಿಗೂ ಸೇರಿತು. ಕಾದಂಬರಿಕಾರ ಹೆಮಿಂಗ್ವೆ 1899ರಲ್ಲಿ ಹುಟ್ಟಿದ ಮನೆಯನ್ನೂ ನೋಡಿದೆ, ಒಮ್ಮೆ ಸಾಕು.

ನೀನು ಮನೆ ಕೊಳ್ಳುವ ಮುಂಚೆ ತಿಳಿಯಬೇಕಾದದ್ದು ಇವರಿಬ್ಬರ ಕಥೆಯಲ್ಲ, ಪರ್ಸಿ ಜೂಲಿಯನ್ ಅವರದು. ಕಪ್ಪುವರ್ಣೀಯ ಗುಲಾಮರ ಮೊಮ್ಮಗನಾದ ಅವರು ವಿಯೆನ್ನಾಕ್ಕೆ ಹೋಗಿ 1931ರಲ್ಲಿ ಡಾಕ್ಟರೇಟ್ ಪಡೆದ ರಸಾಯನ ವಿಜ್ಞಾನಿ. ಗ್ಲಾಕೋಮಾ ಎಂಬ ಕಣ್ಣಿನ ಬೇನೆಗೆ ಬಳಸುವ ಫೈಸೊಸ್ಟಿಗ್ಮೈನ್ ಔಷಧಿಯನ್ನು 1935ರಲ್ಲಿ ಪ್ರಯೋಗಾಲಯದಲ್ಲೇ ತಯಾರಿಸಿದವರು. ಸೋಯಾ ಕಾಳಿನಿಂದ ಹಾರ್ಮೋನುಗಳನ್ನು ಮಾಡುವ ದಾರಿ ತೋರಿದವರು. 1950ರಲ್ಲಿ ಅವರು ಓಕ್ ಪಾರ್ಕಿನಲ್ಲಿ ಮನೆ ಕೊಂಡರು. ಅದೇ ವರ್ಷ 'ವರ್ಷದ ಶಿಕಾಗೊ ನಾಗರಿಕ' ಎಂಬ ಗೌರವವೂ ಅವರಿಗೆ ಸಂದಿತ್ತು. ಆದರೂ ಅವರ ಕುಟುಂಬ ಒಕ್ಕಲು ಬರುವ ಮುಂಚೆಯೇ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿನಲ್ಲಿ, ಆ ಮನೆಗೆ ಬೆಂಕಿಯಿಡುವ ಯತ್ನ ನಡೆಯಿತು. ಮರುವರ್ಷದ ಜೂನಿನಲ್ಲಿ ಡೈನಮೈಟ್ ಎಸೆದರು. ಅವರ ಪರವಾಗಿ ನಿಂತ ಊರಿನವರೂ ಇದ್ದರೆನ್ನುವುದನ್ನು ಮರೆಯಬಾರದು. ಅದೇ 1951ರ ಜುಲೈನಲ್ಲಿ ಪಕ್ಕದ ಸಿಸೆರೊದಲ್ಲಿ ಒಂದು ಕಪ್ಪುವರ್ಣೀಯ ಕುಟುಂಬ ಬಾಡಿಗೆಗೆ ಬಂದದ್ದಕ್ಕೆ ಸಾವಿರಾರು ಜನ ಸೇರಿ ದಾಂಧಲೆ ಮಾಡಿ, ಕೊನೆಗೆ ಸೇನೆಯ ತುಕಡಿಯನ್ನೇ ಕರೆಸಬೇಕಾಯಿತು. ಜೂಲಿಯನ್ ಅವರು ಮಾತ್ರ ಊರು ಬಿಡಲಿಲ್ಲ. 1975ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯವರಾಗಿಯೇ ಇದ್ದರು. ಇಂದು ಊರಿನ ಒಂದು ಮಾಧ್ಯಮಿಕ ಶಾಲೆಗೆ ಅವರ ಹೆಸರಿದೆ.

ಮುಂದೆ ನಡೆದದ್ದು ನನ್ನಂಥ ಗುಮಾಸ್ತರಿಗೆ ಹಬ್ಬದೂಟ. ಅರವತ್ತರ ದಶಕದಲ್ಲಿ ಶಿಕಾಗೊದ ದಲ್ಲಾಳಿಗಳು ಒಂದು ಹೂಟ ಹೂಡಿದ್ದರು. ಬಿಳಿಯರ ಬೀದಿಯಲ್ಲಿ ಒಂದು ಮನೆಯನ್ನು ಕಪ್ಪುವರ್ಣೀಯರಿಗೆ ಮಾರಿಸುವುದು, ಉಳಿದವರ ಬಾಗಿಲು ತಟ್ಟಿ "ಬೆಲೆ ಬೀಳುವ ಮುಂಚೆ ಮಾರಿಬಿಡಿ" ಎಂದು ಹೆದರಿಸುವುದು, ಹೆದರಿದವರಿಂದ ಅಗ್ಗಕ್ಕೆ ಕೊಂಡು, ಬೇರೆಲ್ಲೂ ಮನೆ ಸಿಗದ ಕಪ್ಪುವರ್ಣೀಯರಿಗೆ ದುಬಾರಿಗೆ ಮಾರುವುದು. ಎರಡೂ ಕಡೆ ಸುಲಿಗೆ. ಗಡಿಯಾಚೆಯ ಆಸ್ಟಿನ್ ಬಡಾವಣೆ ಹೀಗೆ ಬೀದಿಬೀದಿಯಾಗಿ ಬದಲಾಗಿ, ಹತ್ತು ಹದಿನೈದು ವರ್ಷಗಳಲ್ಲಿ ಅಲ್ಲಿಯ ಬಿಳಿಯರಲ್ಲಿ ಬಹುಪಾಲು ಜನ ಹೊರಟುಹೋದರು. ಮುಂದಿನ ಸರದಿ ಓಕ್ ಪಾರ್ಕಿನದೇ ಎಂದು ಎಲ್ಲರೂ ತಿಳಿದಿದ್ದರು.

ಊರು ಓಡಲೂ ಇಲ್ಲ, ಗೋಡೆ ಕಟ್ಟಲೂ ಇಲ್ಲ, ಕಡತ ತೆರೆಯಿತು. ಬಣ್ಣ ನೋಡಿ ಮನೆ ನಿರಾಕರಿಸುವಂತಿಲ್ಲವೆಂದು 1968ರ ಮೇ ತಿಂಗಳಲ್ಲಿ ತನ್ನದೇ ಶಾಸನ ಮಾಡಿಕೊಂಡಿತು. 1972ರಲ್ಲಿ ಮನೆಗಳ ಮುಂದೆ 'ಮಾರಾಟಕ್ಕಿದೆ' ಎಂಬ ಬೋರ್ಡು ನೆಡುವುದನ್ನೇ ನಿಷೇಧಿಸಿತು. ಸಾಲಾಗಿ ನಾಲ್ಕು ಬೋರ್ಡು ಕಂಡರೆ ಐದನೆಯವನಿಗೂ ಎದೆ ನಡುಗುತ್ತದೆಂಬ ಲೆಕ್ಕ ಅದು. ಬೇರೊಂದು ಊರಿನ ಮೊಕದ್ದಮೆಯಲ್ಲಿ ಇಂಥ ನಿಷೇಧ ಸಲ್ಲದೆಂದು 1977ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತ ಮೇಲೂ ಅಲ್ಲಿಯ ದಲ್ಲಾಳಿಗಳು ಬಹುಕಾಲ ತಾವಾಗಿಯೇ ಬೋರ್ಡು ನೆಡದೆ ಉಳಿದರು. ಅದೇ 1972ರಲ್ಲಿ ರಾಬರ್ಟಾ ರೇಮಂಡ್ ಎಂಬಾಕೆ ಹೌಸಿಂಗ್ ಸೆಂಟರ್ ತೆರೆದು, ಒಂದೇ ಬಣ್ಣದವರು ಒಂದೇ ಕಡೆ ಗುಂಪುಗೂಡದಂತೆ, ಬಾಡಿಗೆ ಮನೆ ಹುಡುಕಿ ಬಂದ ಬಿಳಿಯರಿಗೆ ಊರಿನೊಳಗೇ ಆಸ್ಟಿನ್ ಗಡಿಗೆ ಹತ್ತಿರದ ಪೂರ್ವ ಭಾಗದ ಬೀದಿಗಳನ್ನೂ, ಕಪ್ಪುವರ್ಣೀಯರಿಗೆ ಪಶ್ಚಿಮದ ಬೀದಿಗಳನ್ನೂ ತೋರಿಸತೊಡಗಿದರು. 1975ರ ಹೊಸ ಗ್ರಾಮ ಕಚೇರಿಯನ್ನು ಬೇಕೆಂದೇ ಪೂರ್ವ ಭಾಗದಲ್ಲಿ, ಜನ ಹೆದರುತ್ತಿದ್ದ ಗಡಿಯ ಹತ್ತಿರವೇ ಕಟ್ಟಿದರು. "ನಾವೆಲ್ಲಿಗೂ ಹೋಗುವುದಿಲ್ಲ" ಎಂಬುದನ್ನು ಇಟ್ಟಿಗೆಯಲ್ಲಿ ಬರೆದ ಹಾಗೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು 1978ರ ವಿಮೆ. ಹೆಸರು ನೋಂದಾಯಿಸಿ ಐದು ವರ್ಷ ಕಳೆದ ಮನೆಯನ್ನು ಅಂದಾಜು ಬೆಲೆಗಿಂತ ಕಡಿಮೆಗೆ ಮಾರಬೇಕಾಗಿ ಬಂದರೆ, ನಷ್ಟದ ಶೇ. 80ನ್ನು ಊರೇ ತುಂಬಿಕೊಡುವುದೆಂಬ ಭರವಸೆ. ಹಣ ಕೊಡುವ ಸಂದರ್ಭವೇ ಬರಲಿಲ್ಲ. ಹೆದರಿದವನಿಗೆ ನೀತಿ ಹೇಳುವ ಬದಲು ಹೆದರಿಕೆಗೇ ಒಂದು ರಸೀದಿ ಕೊಟ್ಟರು ನೋಡು, ಅದು ಕಚೇರಿ ಬುದ್ಧಿ.

ಊರನ್ನು ಹೊಗಳಿ ನಿನ್ನಿಂದ ಸಹಿ ಹಾಕಿಸುವ ಉದ್ದೇಶ ನನಗಿಲ್ಲ. ಬಣ್ಣ ನೋಡಿ ಬೀದಿ ತೋರಿಸುವುದು ಒಳ್ಳೆಯ ಉದ್ದೇಶಕ್ಕಾದರೂ ಬಣ್ಣ ನೋಡಿದಂತೆಯೇ ಎಂಬ ಆಕ್ಷೇಪ ಮೊದಲಿನಿಂದಲೂ ಇದೆ, ಅದು ಹುರುಳಿಲ್ಲದ್ದಲ್ಲ. ಇಂದು ಅಲ್ಲಿ ಸುಮಾರು ಐದನೇ ಒಂದು ಭಾಗ ಕಪ್ಪುವರ್ಣೀಯರು ಬಿಳಿಯರೊಡನೆ ಬಾಳುತ್ತಿದ್ದಾರೆ, ನಿಜ. ಆದರೆ ಹೈಸ್ಕೂಲಿನ ಅಂಕಗಳಲ್ಲಿ ಇವರ ಮಕ್ಕಳಿಗೂ ಅವರ ಮಕ್ಕಳಿಗೂ ಇರುವ ಅಂತರ ಇನ್ನೂ ಮುಚ್ಚಿಲ್ಲ. ಆಸ್ಟಿನ್ ಬುಲೆವಾರ್ಡಿನ ಒಂದು ಬದಿಯಿಂದ ಇನ್ನೊಂದು ಬದಿಗೆ ರಸ್ತೆ ದಾಟಿದಾಗ ಅಂಗಡಿಗಳೂ ಮನೆಗಳ ಸ್ಥಿತಿಯೂ ಎಷ್ಟು ಬೇರೆಯಾದುವೆಂಬುದನ್ನು ನಾನೇ ಕಂಡೆ. ಊರನ್ನು ಉಳಿಸಿದ ಜಾಣತನ ಆ ರಸ್ತೆಯನ್ನು ದಾಟಲಿಲ್ಲ. ಹೇಳಿಕೊಳ್ಳುವಂಥ ಕಾರ್ಖಾನೆಗಳಿಲ್ಲದ ಊರಾದ್ದರಿಂದ ಆಸ್ತಿ ತೆರಿಗೆಯ ಭಾರವೆಲ್ಲ ಮನೆಗಳ ಮೇಲೆ. ರಾತ್ರಿ ಎರಡೂವರೆಯಿಂದ ಬೆಳಗಿನ ಆರರವರೆಗೆ ಬೀದಿಯಲ್ಲಿ ಕಾರು ನಿಲ್ಲಿಸುವಂತಿಲ್ಲವೆಂಬುದನ್ನು ದಂಡ ಕಟ್ಟಿದ ಅಳಿಯಂದಿರಿಗೆ ನಾನು ಹೇಳಬೇಕಾಗಿಲ್ಲ.

ನೇಪರ್‌ವಿಲ್ಲಿಗೆ ಹೋದರೆ ಪಕ್ಕದ ಅರೋರಾದ ಬಾಲಾಜಿ ದೇವಸ್ಥಾನ ಹತ್ತಿರ, ವಿದ್ಯಾರಣ್ಯ ಕನ್ನಡ ಕೂಟದ ಸ್ನೇಹಿತರು ಹತ್ತಿರ, ಮಗುವಿನ ಕಿವಿಗೆ ಕನ್ನಡ ಹೆಚ್ಚು ಬೀಳುತ್ತದೆ. ಆ ಆಸೆ ತಪ್ಪೆಂದು ನಾನು ಹೇಳಲಾರೆ. ಆದರೆ "ನಮ್ಮವರಿರುವ ಕಡೆ" ಎಂದು ನೀನು ಫೋನಿನಲ್ಲಿ ಅಂದಾಗ ನನ್ನ ಮನಸ್ಸಿಗೆ ಬಂದದ್ದು ನಮ್ಮದೇ ಮಹಡಿ ಮನೆ. ನೀನು ಎಂಟನೆಯ ತರಗತಿಯಲ್ಲಿದ್ದಾಗ ಗೇಟಿಗೆ ತೂಗುಹಾಕಿದ್ದ 'ಬಾಡಿಗೆಗೆ ಇದೆ, ಸಸ್ಯಾಹಾರಿಗಳಿಗೆ ಮಾತ್ರ' ಎಂಬ ಬೋರ್ಡು ನಿನಗೆ ನೆನಪಿರಬಹುದು. ಒಬ್ಬ ಮೇಷ್ಟ್ರು ಹೆಂಡತಿಯೊಡನೆ ಬಂದು, ತಾವು ಮಾಂಸ ತಿನ್ನುವುದಿಲ್ಲವೆಂದೇ ಹೇಳಿದರು. ನಾನು ಊರು ಯಾವುದೆಂದು ಕೇಳಿದೆ, ತಂದೆಯ ಹೆಸರು ಕೇಳಿದೆ, ಬಳಿಕ "ನಿನ್ನೆಯೇ ಬೇರೆಯವರಿಗೆ ಮಾತು ಕೊಟ್ಟುಬಿಟ್ಟೆವು" ಎಂದೆ. ಆಕೆ ಕೆಳಗಿಟ್ಟಿದ್ದ ಚೀಲವನ್ನು ಎತ್ತಿಕೊಂಡ ರೀತಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮನೆ ಆಮೇಲೆ ಎರಡು ತಿಂಗಳು ಖಾಲಿ ಬಿದ್ದಿತ್ತು. ಓಕ್ ಪಾರ್ಕಿನ ಗ್ರಂಥಾಲಯದಲ್ಲಿ ಆ 1968ರ ಶಾಸನದ ವಿಚಾರ ಓದುವಾಗ, ಅದು ಯಾರ ಮೇಲೆ ಬರೆದದ್ದೆಂದು ನನಗೆ ಚೆನ್ನಾಗಿ ಗೊತ್ತಾಗಿತ್ತು. ನಿನ್ನೆದುರು ಹೇಳಲು ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕ್ರಯಪತ್ರದ ಕರಡು ಕೈಗೆ ಬಂದ ಕೂಡಲೇ ನನಗೊಂದು ಪ್ರತಿ ಕಳಿಸು. ಅಲ್ಲಿಯ ಕಾನೂನು ನನಗೆ ತಿಳಿಯದಿದ್ದರೂ ಅಳತೆ, ಗಡಿ, ಹಿಂದಿನ ಮಾಲೀಕರ ಸರಣಿ ಇವನ್ನೆಲ್ಲ ಓದಬಲ್ಲೆ. ನಮ್ಮ ಮಹಡಿ ಮನೆ ಬರುವ ತಿಂಗಳು ಖಾಲಿಯಾಗುತ್ತದೆ. ಹಳೆಯ ಬೋರ್ಡು ಅಟ್ಟದ ಮೇಲೆ ಹಾಗೇ ಇದೆ, ಇಳಿಸಿ ಕೊಡಲೇ ಎಂದು ನಿಮ್ಮಪ್ಪ ನಿನ್ನೆ ಕೇಳಿದರು. ಕೆಳಗಿನ ಸಾಲಿಗೆ ಬಣ್ಣ ಬಳಿಸಿಕೊಂಡು ಬನ್ನಿ ಎಂದೆ. ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಮತ್ತೆ ಪೇಪರು ಬಿಡಿಸಿಕೊಂಡು ಕುಳಿತರು.

ಇತಿ ನಿನ್ನ
ಅಮ್ಮ