ಸಿಲಿಂಡರ್‌ಗಳನ್ನೆಲ್ಲ ವಾಪಸ್ ಕೊಟ್ಟಾಯಿತು

ಕೋವಿಡ್ ಕಾಲದಲ್ಲಿ ನಾವು ಮನೆಮನೆಗೆ ಮುಟ್ಟಿಸುತ್ತಿದ್ದ ಆಕ್ಸಿಜನ್ ಸಿಲಿಂಡರ್‌ಗಳಲ್ಲಿ ಕೊನೆಯ ಜಂಬೋ ಕೂಡ ಈ ವಾರ ಆಸ್ಪತ್ರೆ ಸೇರಿತು. 2021ರ ಏಪ್ರಿಲ್, ಮೇ ತಿಂಗಳಲ್ಲಿ ಬೆಂಗಳೂರು ಹೇಗಿತ್ತು ಅಂತ ನಿಮಗೆ ಹೇಳಬೇಕಾಗಿಲ್ಲ. ಮೇ 5ರಂದು ಒಂದೇ ದಿನ ರಾಜ್ಯದಲ್ಲಿ ಹೊಸ ಸೋಂಕಿತರು 50 ಸಾವಿರ ದಾಟಿದ್ದರು. ದುಡ್ಡು ಕಳಿಸಿದವರು, ಊಟ ಕಟ್ಟಿಕೊಟ್ಟವರು, ಬೆಡ್ ಹುಡುಕಿದ ಕಾಲೇಜು ಹುಡುಗಿಯರು, ಮನೆಮನೆಗೆ ಆಕ್ಸಿಮೀಟರ್ ಹಿಡಿದು ಹೋದ ಆಶಾ ಅಕ್ಕಂದಿರು, ಎಲ್ಲರಿಗೂ ಕೈ ಮುಗಿಯುತ್ತೇವೆ.

ಮಿಕ್ಕ ಥ್ಯಾಂಕ್ಸೆಲ್ಲ ವೆಲ್ಡಿಂಗ್ ಅಂಗಡಿಯ ಅಣ್ಣನಿಗೆ. ಹೆಸರು ಹಾಕಬೇಡಿ ಅಂದಿದ್ದಾರೆ.

ಸಿಲಿಂಡರ್ ಮನೆ ತಲುಪಿದರೆ ಕೆಲಸ ಮುಗಿಯಿತು ಅನ್ನುವ ಭ್ರಮೆ ಬಿಡಿಸಿದವರು ಅವರು. ರೆಗ್ಯುಲೇಟರ್ ಕೂರಿಸುವ ಮುಂಚೆ ವಾಲ್ವ್ ಒಂದು ಕ್ಷಣ ಬಿಚ್ಚಿ ಧೂಳು ಹಾರಿಸಬೇಕು. ವಾಷರ್ ಇಲ್ಲದಿದ್ದರೆ ಎಷ್ಟು ಬಿಗಿದರೂ ಸುಂಯ್ ಅಂತ ಸೋರುತ್ತದೆ, ಹಾಗಂತ ತಿರುಪಿನ ಮರೆಗೆ ಎಣ್ಣೆ, ಗ್ರೀಸ್ ಸವರಿದರೆ ಬೆಂಕಿ ಹತ್ತಬಹುದು. ಆಕ್ಸಿಜನ್ ತೇವ ಮಾಡುವ ಬಾಟಲಿಗೆ ಕುದಿಸಿ ಆರಿಸಿದ ನೀರು, ಎರಡು ಗೆರೆಗಳ ನಡುವೆ ಮಾತ್ರ. ಮೇಲಿನ ಗೆರೆ ದಾಟಿದರೆ ನೀರು ಪೈಪಿಗೇ ಬರುತ್ತದೆ.

ಅಂಗಡಿ ಶಟರ್ ಮೇಲೆ ಅವರು ಸೀಮೆಸುಣ್ಣದಲ್ಲಿ ಬರೆದ ಲೆಕ್ಕ ಇನ್ನೂ ಅಳಿಸಿಲ್ಲ. ಜಂಬೋ 7,000 ಲೀಟರ್: ನಿಮಿಷಕ್ಕೆ 5 ಬಿಟ್ಟರೆ 23 ಗಂಟೆ, 10 ಬಿಟ್ಟರೆ ಹನ್ನೊಂದೂವರೆ. ಸಣ್ಣದು 1,500: ಐದರಲ್ಲಿ ಐದೇ ಗಂಟೆ. ರಾತ್ರಿ ಹತ್ತಕ್ಕೆ ಹಚ್ಚಿದ ಸಣ್ಣ ಸಿಲಿಂಡರ್ ಮೂರಕ್ಕೆ ಖಾಲಿ, ಮನೆಯವರಿಗೆ ಆಗಲೇ ಜೋಂಪು. ಅದಕ್ಕೇ ಅಣ್ಣ ಎರಡೂವರೆಗೆ ಸ್ಪ್ಯಾನರ್ ಹಿಡಿದು ಬಾಗಿಲ ಮುಂದೆ ಇರುತ್ತಿದ್ದರು. ಕರೆಂಟು ಹೋಗಿ ಮೂರು ಮನೆಗಳ ಕಾನ್ಸಂಟ್ರೇಟರ್ (ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸುವ ಮಿಷನ್) ಒಟ್ಟಿಗೆ ನಿಂತ ರಾತ್ರಿ, ಬೆಳಕು ಹರಿಯುವವರೆಗೂ ಅವರು ಮೆಟ್ಟಿಲು ಹತ್ತಿ ಇಳಿದರು. ಲಿಫ್ಟೂ ಇರಲಿಲ್ಲ.

ಎಲ್ಲ ಕಡೆಯೂ ಹೊತ್ತಿಗೆ ಮುಟ್ಟಲಿಲ್ಲ. ತುಂಬಿದ ಸಿಲಿಂಡರ್ ಹೊತ್ತು ಹೋದಾಗ ಬಾಗಿಲಲ್ಲೇ ‘ಇನ್ನು ಬೇಡ, ಬೇರೆಯವರಿಗೆ ಕೊಡಿ’ ಅಂದ ಮನೆಗಳಿವೆ. ಮುಂದಿನ ಮನೆಯ ವಿಳಾಸ ಆ ಮನೆಯವರೇ ಕೇಳಿದ್ದೂ ಉಂಟು. ಅವರಿಗೆ ಥ್ಯಾಂಕ್ಸ್ ಅನ್ನಲು ಬಾಯಿ ಬರುವುದಿಲ್ಲ. ಆದರೂ ಬರೆಯುತ್ತಿದ್ದೇವೆ.

ಕಾನ್ಸಂಟ್ರೇಟರ್‌ಗಳು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಹೋಗಿವೆ. ಅಲ್ಲಿರುವವರು ದಯವಿಟ್ಟು ಆಗಾಗ ಚಾಲೂ ಮಾಡಿ, ಫಿಲ್ಟರ್ ತೊಳೆದು ಒಣಗಿಸಿ. ಮೂಲೆಯಲ್ಲಿ ಸುಮ್ಮನೆ ಇಟ್ಟರೆ ಒಳಗೆ ಗಾಳಿಯ ನೈಟ್ರೋಜನ್ ಹಿಡಿದಿಡುವ ಜಿಯೋಲೈಟ್ ಹರಳು ತೇವ ಹೀರಿ ಕೆಡುತ್ತದೆ, ಮಿಷನ್ ಓಡಿದರೂ ಬರುವುದು ಬರೀ ಗಾಳಿ.

ಅಂದಹಾಗೆ, ಎರಡು ಸ್ಪ್ಯಾನರ್ ಇನ್ನೂ ಯಾರದೋ ಮನೆಯಲ್ಲಿವೆ. ಅವು ಅಣ್ಣನವು. ಅಂಗಡಿಗೆ ಮುಟ್ಟಿಸಿಬಿಡಿ.