ನೆಗಡಿ ಸೋಂಕು: ಬಾಣಂತಿ ಕೋಣೆಯಲ್ಲಿ ಎಚ್ಚರವಿರಲಿ

ಮಾನ್ಯ ಸಂಪಾದಕರೇ,

2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಹಸುಗೂಸುಗಳಲ್ಲಿ, ನೆಗಡಿ-ಕೆಮ್ಮು ತರುವ ಎಚ್‌ಎಂಪಿವಿ (ಹ್ಯೂಮನ್ ಮೆಟಾನ್ಯುಮೋವೈರಸ್) ಪತ್ತೆಯಾದಾಗ ‘ಹೊಸ ವೈರಸ್ ಬಂತು’ ಎಂಬ ಗಾಬರಿ ಊರೂರಿಗೂ ಹಬ್ಬಿತು, ಕೆಲವೇ ವಾರಗಳಲ್ಲಿ ಆ ಮಾತು ಮರೆತೂ ಹೋಯಿತು. ಎರಡೂ ಸರಿಯಲ್ಲ. ನೆದರ್ಲೆಂಡ್ಸ್‌ನ ವಿಜ್ಞಾನಿಗಳು ಈ ವೈರಸ್ಸನ್ನು ಗುರುತಿಸಿದ್ದು 2001ರಲ್ಲಾದರೂ, 1958ರಲ್ಲಿ ತೆಗೆದಿರಿಸಿದ್ದ ರಕ್ತದ ಮಾದರಿಗಳಲ್ಲೇ ಅದರ ವಿರುದ್ಧದ ಪ್ರತಿಕಾಯಗಳು (ಸೋಂಕಿನೊಡನೆ ಹೋರಾಡಲು ದೇಹ ತಯಾರಿಸುವ ಪ್ರೋಟೀನುಗಳು) ಸಿಕ್ಕಿದ್ದವು. ಐದು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಈ ಸೋಂಕು ಒಮ್ಮೆಯಾದರೂ ತಗುಲಿರುತ್ತದೆ.

ಗರ್ಭದ ಕೊನೆಯ ತಿಂಗಳುಗಳಲ್ಲಿ ತಾಯಿ ತನ್ನ ಪ್ರತಿಕಾಯಗಳನ್ನು ಮಗುವಿಗೆ ಬುತ್ತಿಯಂತೆ ಕಟ್ಟಿಕೊಡುತ್ತಾಳೆ. ಹುಟ್ಟಿದ ಮೇಲೆ ಆ ಬುತ್ತಿ ತಿಂಗಳಿಂದ ತಿಂಗಳಿಗೆ ಕರಗುತ್ತದೆ. ದಿನ ತುಂಬುವ ಮೊದಲೇ ಹುಟ್ಟಿದ ಕೂಸಿಗಂತೂ ಅದು ದಕ್ಕುವುದೇ ಕಡಿಮೆ. ಬುತ್ತಿ ಸಾಲದ ಕೂಸಿನಲ್ಲಿ ಸೋಂಕು ಶ್ವಾಸಕೋಶಕ್ಕೂ ಇಳಿಯಬಹುದು. ಮುಂದೆ ಮಗು ತಾನಾಗಿ ಗಳಿಸುವ ರೋಗನಿರೋಧಕ ಶಕ್ತಿಯೂ ಶಾಶ್ವತವಲ್ಲ, ಅದೇ ವೈರಸ್ ಬದುಕಿನುದ್ದಕ್ಕೂ ಮತ್ತೆ ಮತ್ತೆ ಬರುತ್ತದೆ. ಆದರೆ ದೇಹಕ್ಕೆ ಹಿಂದಿನ ಸೋಂಕಿನ ನೆನಪಿರುವುದರಿಂದ ದೊಡ್ಡವರಲ್ಲಿ ಅದು ಸಾಮಾನ್ಯವಾಗಿ ಮೂಗು, ಗಂಟಲಿಗೇ ನಿಲ್ಲುತ್ತದೆ. ಇಳಿವಯಸ್ಸಿನಲ್ಲಿ ಆ ಶಕ್ತಿ ಕುಂದಿದಾಗ ಮತ್ತೆ ಶ್ವಾಸಕೋಶಕ್ಕೆ ಇಳಿಯುವ ಭಯವಿದೆ.

ಮನೆಭೇಟಿಗೆ ಹೋಗುತ್ತಿದ್ದ ವರ್ಷಗಳಲ್ಲಿ ಕಂಡ ಎರಡು ತಿಂಗಳ ಕೂಸೊಂದು ಈಗಲೂ ಕಣ್ಣ ಮುಂದಿದೆ. ಯಾವ ವೈರಸ್ ಎಂದು ಪರೀಕ್ಷಿಸುವ ಅನುಕೂಲ ಆಗ ಇರಲಿಲ್ಲ. ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು, ಮೂಗಿನ ಹೊಳ್ಳೆ ಅರಳುತ್ತಿತ್ತು, ಮೊಲೆ ಹಿಡಿದರೆ ಎರಡು ಗುಟುಕಿಗೇ ಬಿಟ್ಟುಬಿಡುತ್ತಿತ್ತು. ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದ ಅಜ್ಜಿ, ‘ಬರೀ ಶೀತ ಕಣಮ್ಮ, ನಂಗೂ ನಾಲ್ಕು ದಿನದಿಂದ ಐತೆ’ ಎಂದರು. ಅಜ್ಜಿಯ ಮಟ್ಟಿಗೆ ಅದು ನಿಜವಾಗಿಯೂ ಬರೀ ಶೀತವೇ. ಕೂಸನ್ನು ಅಂದೇ ತಾಲ್ಲೂಕು ಆಸ್ಪತ್ರೆಗೆ ಸೇರಿಸಿ, ಆಮ್ಲಜನಕ ಕೊಡಿಸಬೇಕಾಯಿತು. ಪುಣ್ಯಕ್ಕೆ ಚೇತರಿಸಿಕೊಂಡಿತು.

ಎಚ್‌ಎಂಪಿವಿಯ ದಾಯಾದಿಯಾದ, ಕೂಸುಗಳ ಶ್ವಾಸಕೋಶಕ್ಕೆ ತಗುಲುವ ಇನ್ನೊಂದು ವೈರಸ್ ಆರ್‌ಎಸ್‌ವಿಯ ವಿರುದ್ಧ ಗರ್ಭಿಣಿಯರಿಗೆ ಕೊಡುವ ಲಸಿಕೆ 2023ರಿಂದ ಕೆಲವು ದೇಶಗಳಲ್ಲಿ ಬಂದಿದೆ. ಎಚ್‌ಎಂಪಿವಿಗೆ ಇನ್ನೂ ಇಲ್ಲ. ಆದ್ದರಿಂದ ನೆಗಡಿಯಾದವರು, ಎಷ್ಟೇ ಹತ್ತಿರದ ನೆಂಟರಾಗಲಿ, ಕೂಸನ್ನು ಎತ್ತಿ ಮುದ್ದಾಡದಿರುವುದೇ ಸದ್ಯಕ್ಕಿರುವ ದೊಡ್ಡ ರಕ್ಷಣೆ. ಇಂಥ ಸೋಂಕಿನ ಸುದ್ದಿ ಬಂದಾಗ ಪತ್ರಿಕೆಗಳು ಪ್ರಕರಣಗಳ ಎಣಿಕೆಯ ಜೊತೆಗೆ, ಯಾವ ವಯಸ್ಸಿನವರಿಗೆ ಅಪಾಯ ಹೆಚ್ಚು, ಕೂಸಿನ ಉಸಿರಾಟದಲ್ಲಿ ಯಾವ ಲಕ್ಷಣ ಕಂಡೊಡನೆ ಆಸ್ಪತ್ರೆಗೆ ಹೋಗಬೇಕು ಎಂಬುದನ್ನೂ ತಪ್ಪದೆ ಪ್ರಕಟಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಆರೋಗ್ಯ ಸಹಾಯಕಿ, ತಿಪಟೂರು