ಲಾಭಾಂಶ: ಶಿಫಾರಸು ಬೇರೆ, ಘೋಷಣೆ ಬೇರೆ

ಮಾನ್ಯ ಸಂಪಾದಕರೇ,

ಬಿ.ಕಾಂ. ಮಕ್ಕಳಿಗೆ ಲೆಕ್ಕಶಾಸ್ತ್ರ ಪಾಠ ಮಾಡುವವನು ನಾನು. ಪತ್ರಿಕೆಯ ವಾಣಿಜ್ಯ ಪುಟವನ್ನು ತರಗತಿಗೆ ಒಯ್ದು ಓದಿಸುವುದು ರೂಢಿ. ಮೊನ್ನೆ ಒಬ್ಬ ವಿದ್ಯಾರ್ಥಿನಿ ಕಂಪನಿಯೊಂದರ ಬ್ಯಾಲೆನ್ಸ್ ಶೀಟ್ ಪ್ರಿಂಟ್ ಹಾಕಿಸಿಕೊಂಡು ಬಂದಿದ್ದಳು. ಹೊಣೆಗಳ, ಅಂದರೆ ಕಂಪನಿ ಕೊಡಬೇಕಾದ ಬಾಕಿಗಳ, ಒಂದೊಂದು ಸಾಲಿನ ಪಕ್ಕದಲ್ಲೂ ಪೆನ್ಸಿಲ್ ಗುರುತು. ‘ಸರ್, ಲಾಭಾಂಶ ಘೋಷಿಸಿದೆ ಅಂತ ಪೇಪರಿನಲ್ಲಿ ಬಂದಿದೆ. ಇಲ್ಲಿ ಎಷ್ಟು ಹುಡುಕಿದರೂ ಸಿಗ್ತಿಲ್ಲ’ ಎಂದಳು.

ಅವಳು ಸರಿಯಾಗಿಯೇ ಹುಡುಕಿದ್ದಳು. ತಪ್ಪಿದ್ದದ್ದು ‘ಘೋಷಿಸಿದೆ’ ಎಂಬ ಪದದಲ್ಲಿ. ವರ್ಷದ ಅಂತಿಮ ಲಾಭಾಂಶವನ್ನು ನಿರ್ದೇಶಕ ಮಂಡಳಿ ಶಿಫಾರಸು ಮಾಡುತ್ತದೆ, ಅಷ್ಟೇ. ಘೋಷಿಸುವುದು ಷೇರುದಾರರ ವಾರ್ಷಿಕ ಮಹಾಸಭೆ. ಮಂಡಳಿ ಹೇಳಿದ್ದಕ್ಕಿಂತ ಕಡಿಮೆ ಮಾಡುವ ಅಧಿಕಾರವೂ ಸಭೆಗಿದೆ, ಹೆಚ್ಚಿಸುವಂತಿಲ್ಲ. ಸಭೆ ನಡೆಯುವುದು ಲೆಕ್ಕದ ವರ್ಷ ಮುಗಿಯುವ ಮಾರ್ಚ್ 31 ಕಳೆದು ತಿಂಗಳುಗಳ ನಂತರ. ಹಾಗಾಗಿ ಮಾರ್ಚ್ 31ಕ್ಕೆ ಕಂಪನಿಯ ತಲೆಯ ಮೇಲೆ ಆ ಸಾಲ ಇರುವುದೇ ಇಲ್ಲ. ಲೆಕ್ಕಪತ್ರದ ಜೊತೆಗಿರುವ ಟಿಪ್ಪಣಿಯಲ್ಲಿ ಒಂದು ಮಾತು ಬರೆದರೆ ಸಾಕು. ವಾರ್ಷಿಕ ಮಹಾಸಭೆಗೆ ಕಾಯದೆ ಮಂಡಳಿಯೇ ನೇರವಾಗಿ ಕೊಡಬಹುದಾದ ಮಧ್ಯಂತರ ಲಾಭಾಂಶದ ದಾರಿ ಬೇರೆ.

ಹಿಂದೆ ಹೀಗಿರಲಿಲ್ಲ. ಪ್ರಸ್ತಾವಿತ ಲಾಭಾಂಶವನ್ನು ಅದೇ ವರ್ಷದ ಹೊಣೆಯೆಂದು ತೋರಿಸುತ್ತಿದ್ದರು. ನಾನೂ ಹಾಗೆಯೇ ಕಲಿತವನು. 2016ರಲ್ಲಿ ಕಂಪನಿಗಳು ಲೆಕ್ಕ ಬರೆಯುವ ನಿಯಮಗಳಲ್ಲೊಂದಾದ ಲೆಕ್ಕಪತ್ರ ಮಾನದಂಡ 4ಕ್ಕೆ (ಎಎಸ್ 4) ತಿದ್ದುಪಡಿಯಾಗಿ ಆ ಪದ್ಧತಿ ನಿಂತಿತು. ದೊಡ್ಡ ಕಂಪನಿಗಳು ಪಾಲಿಸುವ ಪ್ರತ್ಯೇಕ ಮಾನದಂಡ ಇಂಡ್ ಎಎಸ್ 10 ಹೇಳುವುದೂ ಇದನ್ನೇ. ಆದರೂ ಹಳೆಯ ಗೈಡುಗಳು ಇನ್ನೂ ಮಕ್ಕಳ ಕೈಯಲ್ಲಿ ಓಡಾಡುತ್ತಿವೆ.

ನನಗೆ ಇದಕ್ಕಿಂತ ಹೆಚ್ಚು ಬೇಸರ ತರಿಸುವುದು ‘ಲಾಭಾಂಶದ ಹೊರೆಯಿಂದ ಲಾಭ ಇಳಿಕೆ’ ಎಂಬ ಧಾಟಿಯ ಬರಹ. ಲಾಭಾಂಶ ಖರ್ಚಲ್ಲ. ಸಂಬಳ, ಬಡ್ಡಿ, ಸವಕಳಿ, ತೆರಿಗೆ ಎಲ್ಲ ಕಳೆದು ನಿವ್ವಳ ಲಾಭ ನಿಂತ ಮೇಲೆ ಅದರಲ್ಲಿ ಮಾಲೀಕರಿಗೆ ಹಂಚುವ ಪಾಲು ಅದು. ನಮ್ಮೂರಿನ ಸೊಸೈಟಿಗಳ ವಾರ್ಷಿಕ ವರದಿಯಲ್ಲಿ ಇದಕ್ಕೆ ಚೊಕ್ಕ ಹೆಸರಿದೆ: ‘ಲಾಭ ವಿಲೇವಾರಿ’. ಮೀಸಲು ನಿಧಿಗೆ ಇಷ್ಟು, ಸದಸ್ಯರ ಡಿವಿಡೆಂಡಿಗೆ ಇಷ್ಟು ಎಂದು ಬರೆದು ಮಹಾಸಭೆಯಲ್ಲಿ ಓದುತ್ತಾರೆ. ಅಲ್ಲಿ ಕೂತ ರೈತರಿಗೆ ಅರ್ಥವಾಗುವ ಈ ಮಾತನ್ನು ಕಂಪನಿ ಸುದ್ದಿಗೂ ಬಳಸಬಹುದಲ್ಲ! 5 ಕೋಟಿ ಷೇರಿಗೆ ತಲಾ 4 ರೂಪಾಯಿಯಂತೆ ಕೊಟ್ಟರೆ, ಕೂಡಿಟ್ಟ ಲಾಭದಲ್ಲಿ 20 ಕೋಟಿ ಕಡಿಮೆಯಾಗುತ್ತದೆ, ಬ್ಯಾಂಕಿನಲ್ಲೂ ಅಷ್ಟೇ. ಲಾಭ–ನಷ್ಟ ಖಾತೆಯ ನಿವ್ವಳ ಲಾಭ ಒಂದು ಪೈಸೆಯೂ ಕದಲುವುದಿಲ್ಲ.

‘ಶೇ 200 ಲಾಭಾಂಶ’ ಎಂಬ ತಲೆಬರಹದ ಬಗ್ಗೆಯೂ ಒಂದು ಮಾತು. ಆ ಲೆಕ್ಕ ಮುಖಬೆಲೆಯ, ಅಂದರೆ ಕಂಪನಿ ಷೇರಿಗೆ ನಮೂದಿಸಿದ ಮೂಲ ಬೆಲೆಯ, ಮೇಲಿನದು; ಪೇಟೆಯ ಬೆಲೆಯದ್ದಲ್ಲ. ಅದೇ 4 ರೂಪಾಯಿ, 2 ರೂಪಾಯಿ ಮುಖಬೆಲೆಯ ಷೇರಿಗೆ ಶೇ 200. ಪೇಟೆಯಲ್ಲಿ 800 ರೂಪಾಯಿ ಕೊಟ್ಟು ಆ ಷೇರು ಕೊಂಡವರಿಗೆ ನೂರಕ್ಕೆ ಬರೀ 50 ಪೈಸೆ. ನಿವೃತ್ತಿಯ ಹಣ ಹಾಕಲು ಹೊರಟ ಹಿರಿಯರು ಇಂಥ ತಲೆಬರಹವನ್ನು ಕತ್ತರಿಸಿ ತಂದು ನನ್ನನ್ನು ಕೇಳಿದ್ದಾರೆ.

ದಯವಿಟ್ಟು ಸುದ್ದಿ ಬರೆಯುವಾಗ ಶಿಫಾರಸೋ ಘೋಷಣೆಯೋ ಸ್ಪಷ್ಟಪಡಿಸಿ. ಷೇರಿಗೆ ಎಷ್ಟು ರೂಪಾಯಿ, ಮುಖಬೆಲೆ ಎಷ್ಟು, ಮಹಾಸಭೆ ಯಾವ ದಿನ ಎಂಬುದನ್ನೂ ಜೊತೆಗೆ ಅಚ್ಚು ಮಾಡಿ.

– ವಾಣಿಜ್ಯ ಉಪನ್ಯಾಸಕ, ದಾವಣಗೆರೆ